ಅವಿನೊಳ ಅಳತೆಯ ಕುರ್ಚಿ

“ಆ ಕುರ್ಚಿಯಲ್ಲಿ ಕೂರಬೇಡಿ!”

ಕುರ್ಚಿ ಅಂಗಡಿಯಲ್ಲಿ ಹಿಂದಿನಿಂದ ಬಂದ ದನಿಗೆ ಅವಿನೊ ಅಲ್ಲೇ ನಿಂತುಬಿಟ್ಟಳು. ಕುರ್ಚಿಯ ಬೆನ್ನಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಅದು ತಗ್ಗು. ಕೂತ್ರೆ ಏಳೋಕೆ ಆಗಲ್ಲ ನಿಮಗೆ.”

ಆ ದನಿ...!

ಬೇರೆ ಯಾರಾದರೂ ಆಗಿದ್ದರೆ ಥಟ್ಟನೆ ಹೊರಳಿ ನೋಡುತ್ತಿದ್ದರು. ಅವಿನೊಗೆ ಅದೂ ಆಗುವಂತಿರಲಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮೂರೇ ವಾರ. ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುಚಬಾರದು. ತಿರುಗಬೇಕೆಂದರೆ ಕವಾಯತಿನ ಸಿಪಾಯಿಯಂತೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಇಡೀ ಮೈಯನ್ನೇ ತಿರುಗಿಸಬೇಕು.

ಒಂದು ಹೆಜ್ಜೆ... ಎರಡು... ಮೂರು...

‘ಬೇಡ ದೇವರೇ, ಅವನಾಗಿರುವುದು ಬೇಡ. ಈ ಸ್ಥಿತಿಯಲ್ಲಂತೂ ಬೇಡ.’

ಐದನೆಯ ಹೆಜ್ಜೆಗೆ ಅವನ ಮುಖ ಕಂಡಿತು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಅಂಗಿಯ ತುಂಬ ಕುರ್ಚಿ ಹೆಣೆಯುವ ಒಣಗಿದ ಅಂತರಗಂಗೆಯ ನಾರು. ಕಣ್ಣು ಮಾತ್ರ ಅವೇ.

ಒಲಾಲ್.

ಹದಿನೆಂಟು ವರ್ಷಗಳ ಹಿಂದೆ ಅವಳು ಒಂದು ಮಾತೂ ಹೇಳದೆ ಬಿಟ್ಟು ಹೋಗಿದ್ದ ಒಲಾಲ್!

“ಹೇಗಿದ್ದೀರಿ?” ಅವನೇ ಕೇಳಿದ.

‘ಇದ್ದೀರಿ.’ ಆ ಬಹುವಚನ ಅವಳ ಎದೆಗೆ ನಾಟಿತು. ಅವಳೂ ಬಿಗಿಯಾಗಿ ಉತ್ತರಿಸಿದಳು, “ನೋಡ್ತಿದ್ದೀರಲ್ಲ, ಹೀಗಿದ್ದೀನಿ.”

ಜೊತೆಗೆ ಬಂದಿದ್ದ ತಂಗಿ ಡೋರ್ಕಸ್‌ಗೆ ಇದಾವುದೂ ಗೊತ್ತಿರಲಿಲ್ಲ. ಆಗ ಅವಳು ಆರು ವರ್ಷದ ಮಗು. “ಅಣ್ಣಾ, ನೀವೇ ಏನಾದ್ರೂ ಮಾಡಿ,” ಎಂದು ಶುರು ಹಚ್ಚಿಕೊಂಡಳು. “ಕಿಸುಮು ಪೇಟೆಯ ಅಂಗಡಿ ಅಂಗಡಿ ಸುತ್ತಿ ಆಯ್ತು. ನಮ್ಮಕ್ಕನಿಗೆ ಹೊಂದೋ ಕುರ್ಚಿ ದೇವರು ಇನ್ನೂ ಹುಟ್ಟಿಸಿಲ್ಲ ಅನ್ಸುತ್ತೆ!”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಮನೆಯ ದೊಡ್ಡ ಸೋಫಾದಲ್ಲಿ ಕೂತ ಅವಿನೊ ಕೆಸರಿನಲ್ಲಿ ಹೂತಂತೆ ಹೂತುಹೋಗಿದ್ದಳು. ಅವಳನ್ನು ಮೇಲೆತ್ತಲು ಪಕ್ಕದ ಮನೆಯವರು ಬರಬೇಕಾಯಿತು. ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಒರಗಿದರೆ ಬಾಗುತ್ತಿತ್ತು. ಕಚೇರಿಯ ಚಕ್ರದ ಕುರ್ಚಿ ಅವಳು ಏಳಲು ಹೋದಾಗ ಹಿಂದೆ ಜಾರಿ ಜೀವ ಬಾಯಿಗೆ ಬಂದಿತ್ತು. ಚರ್ಚಿನ ಬೆಂಚು? ಹತ್ತು ನಿಮಿಷಕ್ಕೆ ಕಾಲಿನವರೆಗೆ ಬೆಂಕಿ.

ಹಗಲೆಲ್ಲ ನಿಲ್ಲುವುದು, ನಡೆಯುವುದು, ಮಲಗುವುದು. ಊಟವೂ ನಿಂತೇ. ಕೂತು ಒಂದು ಲೋಟ ಚಹಾ ಕುಡಿಯುವುದು ಇಷ್ಟು ದೊಡ್ಡ ಭಾಗ್ಯವೆಂದು ಅವಳಿಗೆ ಈಗ ತಿಳಿದಿತ್ತು.

ಸುಮ್ಮನೆ ಮನೆಯಲ್ಲಿರುವುದಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಅವಿನೊ ರೇಡಿಯೊದವಳು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹಳೆಯ ಹಾಡುಗಳ ಕಾರ್ಯಕ್ರಮ ಅವಳದು. ಸರೋವರದ ಸುತ್ತಲ ಊರುಗಳ ಮುದುಕರು ಅವಳ ದನಿ ಕೇಳದೆ ಭಾನುವಾರದ ಉಗಾಲಿ ಮುದ್ದೆ ಮುಟ್ಟುತ್ತಿರಲಿಲ್ಲ. ಹಾಡು ಹಾಕುವುದು, ಪತ್ರ ಓದುವುದು, ಗುಂಡಿ ಒತ್ತುವುದು ಎಲ್ಲ ಮೇಜಿನ ಮುಂದೆ ಕೂತೇ ಆಗಬೇಕು. ನಿಲಯದ ಮುಖ್ಯಸ್ಥರು ಮೆತ್ತಗೇ ಹೇಳಿದ್ದರು: “ಇನ್ನು ಐದು ವಾರ ಕಾಯ್ತೀವಿ ಅವಿನೊ. ಆಮೇಲೂ ಕೂರೋಕಾಗದಿದ್ರೆ ಬೇರೆಯವರಿಗೆ ಕೊಡಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ.”

ಗಂಡನಿಲ್ಲದ, ಮಕ್ಕಳಿಲ್ಲದ ನಲವತ್ತೊಂದರ ಬದುಕಿನಲ್ಲಿ ಅವಳಿಗಿದ್ದುದು ಆ ಎರಡು ಗಂಟೆ.

“ಈ ಬಾಗಿಲಿಗೆ ಆತು ನಿಲ್ಲಿ,” ಒಲಾಲ್ ಅಳತೆಪಟ್ಟಿ ಹಿಡಿದು ಬಂದ. “ಪಾದ ನೆಲಕ್ಕೆ ಸಮ ಇರಲಿ.”

ಮಂಡಿಯೂರಿ ಅವಳ ಹಿಮ್ಮಡಿಯಿಂದ ಮಂಡಿಯವರೆಗೆ ಅಳೆದ. ಒಂದು ಬೆರಳೂ ತಾಗಲಿಲ್ಲ. ಅಷ್ಟು ಎಚ್ಚರ.

“ಕೂತಾಗ ಸೊಂಟ ಮಂಡಿಗಿಂತ ಒಂದು ಬೆರಳು ಎತ್ತರ ಇರಬೇಕು. ಕೈ ಊರಿ ಏಳೋಕೆ ಗಟ್ಟಿ ಹಿಡಿ ಇರಬೇಕು. ಇಲ್ಲಿ...” ಅವಳ ನಡುವಿನ ಹತ್ತಿರ ಗಾಳಿಯಲ್ಲೇ ಕೈ ಆಡಿಸಿದ, “ಇಲ್ಲಿ ಒಳಬಾಗು ಇದೆಯಲ್ಲ, ಅಲ್ಲಿಗೆ ಹೆಣಿಗೆ ಉಬ್ಬಿಸ್ತೀನಿ. ವಾರಕ್ಕೊಮ್ಮೆ ಬಂದು ಕೂತು ನೋಡಿ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಬುತ್ತಿ ಹಿಡಿದ ಒಬ್ಬ ತರುಣಿ ಒಳಬಂದಳು. “ಬಾಬಾ, ಅಮ್ಮ ಊಟ ಕಳಿಸಿದ್ದಾಳೆ. ಇವತ್ತು ಮೀನು. ಆರೋದ್ರೊಳಗೆ ತಿನ್ನು, ಇಲ್ಲಾಂದ್ರೆ ಬೈಗುಳ ನನಗೆ!”

“ಇಡು ಅಕುಮು, ಬಂದೆ.”

ಬಾಬಾ. ಅಪ್ಪ.

ಅವಿನೊಳ ಬೆನ್ನಿಗಿಂತ ಹೆಚ್ಚು ನೋಯುವ ಜಾಗವೊಂದು ಮೈಯಲ್ಲಿ ಉಳಿದಿತ್ತೆಂದು ಅವಳಿಗೆ ಆಗ ಗೊತ್ತಾಯಿತು.

* * *

ಆ ಮಧ್ಯಾಹ್ನ ಮಲಗಿದವಳಿಗೆ ನಿದ್ದೆ ಬರಲಿಲ್ಲ. ಬಂದದ್ದು ನೆನಪು.

ನಕುರು ಪಟ್ಟಣದಲ್ಲಿ ಬೆಳೆದ ಉಪದೇಶಕರ ಮಗಳು ಅವಿನೊ. ಅಪ್ಪನಿಗೆ ಸರೋವರದ ಕಡೆಗೆ ವರ್ಗವಾದಾಗ ಅವಳಿಗೆ ಇಪ್ಪತ್ತೊಂದು. ಚರ್ಚಿನ ಗಾಯನತಂಡದ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಒಲಾಲ್. ಆ ಬೆಂಚಿಗೆ ಒಂದು ಕಾಲು ಗಿಡ್ಡ. ಅವನು ಎದ್ದರೆ ಇವಳು ಬೀಳುತ್ತಿದ್ದಳು!

“ನೀನು ಬಡಗಿ ಅಲ್ವಾ? ಇದನ್ನ ಸರಿ ಮಾಡಬಾರ್ದಾ?” ಎಂದರೆ, “ಮಾಡಿದ್ರೆ ನೀನು ನನ್ನ ತೋಳು ಹಿಡ್ಕೊಳ್ಳೋದು ನಿಂತುಹೋಗುತ್ತೆ,” ಎನ್ನುತ್ತಿದ್ದ.

ಹಾಡಿನ ಅಭ್ಯಾಸ ಮುಗಿದ ಮೇಲೆ ದಡದಲ್ಲಿ ಹುರಿದ ಮೀನು, ಮೆಣಸಿನ ಪುಡಿ. ಮುಳ್ಳು ಬಿಡಿಸಿ ಕೊಡುವುದು ಅವನ ಕೆಲಸ, ಮಾತಾಡುವುದು ಇವಳ ಕೆಲಸ. ದೋಣಿಗಳು ಬಟ್ಟೆಯ ಹಾಯಿ ಬಿಚ್ಚಿ ಮರಳುವಾಗ ಯಾರದೋ ದೋಣಿಯ ರೇಡಿಯೊದಿಂದ ಹಾಡು ನೀರಿನ ಮೇಲೆ ತೇಲಿ ಬರುತ್ತಿತ್ತು. ಅವಳು ಮುಂದೆ ರೇಡಿಯೊ ಸೇರಿದ್ದು, ಹಳೆಯ ಹಾಡುಗಳನ್ನೇ ಆರಿಸಿಕೊಂಡದ್ದು ಯಾಕೆಂದು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ.

ಅವನು ಅವಳ ಅಪ್ಪನ ಹತ್ತಿರ ಮಾತಾಡಲು ಬರುವ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಅವನ ಅಣ್ಣ ಮೀನಿಗೆ ಹೋದವನು ಬಿರುಗಾಳಿಯಲ್ಲಿ ಮುಳುಗಿಹೋದ. ಉಳಿದದ್ದು ಅತ್ತಿಗೆ ಸಲೋಮೆ, ಮೂರು ಮಕ್ಕಳು.

ಸತ್ತವನ ಹೆಂಡತಿಯ ಮನೆ ಹಿಡಿಯಬೇಕಾದವನು, ಎಂದರೆ ಅವಳಿಗೆ ಗಂಡನಾಗಬೇಕಾದವನು, ಅವನ ತಮ್ಮ. ಹಿರಿಯರ ಕಟ್ಟಳೆ ಅದು. ಅವಿನೊಗೆ ಅಷ್ಟು ಮಾತ್ರ ಗೊತ್ತಿತ್ತು. ಆದರೆ ಒಲಾಲ್ ಹಾಗೆ ಮಾಡಲಾರ ಎಂದು ನಂಬಿದ್ದಳು.

ತಿಂಗಳ ನಂತರ ಸಲೋಮೆಯನ್ನು ಮಾತಾಡಿಸಿ ಬರೋಣವೆಂದು ಹೋದಳು. ಬಾಗಿಲು ತೆರೆದಿತ್ತು. ಒಳಗಿನ ಗೋಡೆಯ ಮೊಳೆಗೆ ಒಲಾಲ್‌ನ ಕಂದು ಕೋಟು ತೂಗುತ್ತಿತ್ತು. ಅವನಿಗಿದ್ದ ಒಂದೇ ಕೋಟು.

“ನೋಡಿದ್ಯಾ, ಮನೆಗೆ ಗಂಡಸಿನ ಕೋಟು ಬಂತು. ಇನ್ನು ಸಲೋಮೆಗೆ ಚಿಂತೆಯಿಲ್ಲ,” ಎಂದು ಅಂಗಳದ ಹೆಂಗಸೊಬ್ಬಳು ನಕ್ಕಳು.

ಅವಿನೊ ಹೊಸಿಲು ದಾಟಲಿಲ್ಲ. ಮರುದಿನ ಬೆಳಿಗ್ಗೆ ನೈರೋಬಿಯ ಬಸ್ಸು ಹತ್ತಿದಳು. ಅಲ್ಲೊಂದು ಮದುವೆ ಆಯಿತು. ನಾಲ್ಕು ವರ್ಷಕ್ಕೆ ಮುರಿಯಿತು. ಆ ಗಂಡ ಕೆಟ್ಟವನೇನಲ್ಲ. ಪಾಪ, ತನ್ನ ಹೆಂಡತಿಯ ಮನಸ್ಸು ಎಲ್ಲಿದೆಯೆಂದು ಹುಡುಕಿ ಹುಡುಕಿ ಸೋತವನು. ರೇಡಿಯೊ ಕೆಲಸಕ್ಕೆಂದು ಕಿಸುಮುವಿಗೆ ಮರಳಿದ ಮೇಲೂ ಅವಳು ಒಲಾಲ್ ಸುದ್ದಿಯನ್ನು ಯಾರ ಹತ್ತಿರವೂ ಕೇಳಲಿಲ್ಲ.

* * *

ಮೊದಲ ವಾರ ಕೂತು ನೋಡಿದಾಗ ಇಪ್ಪತ್ತು ನಿಮಿಷ.

ಎರಡನೆಯ ವಾರ ಒಲಾಲ್ ಹಿಂದಿನ ಕಾಲುಗಳನ್ನು ಒಂದಿಷ್ಟು ಹೆರೆದಿದ್ದ. ಮೂವತ್ತೈದು ನಿಮಿಷ!

“ಅಕ್ಕಾ, ನೋವಿಲ್ವಾ? ನಿಜವಾಗ್ಲೂ?” ಡೋರ್ಕಸ್ ಕುಣಿದಾಡಿದಳು.

“ಇದೆ. ಆದ್ರೆ... ಇದು ನನ್ನ ಬೆನ್ನನ್ನ ಹಿಡ್ಕೊಂಡಿದೆ ಕಣೇ.” ಅವಿನೊಳ ಕಣ್ಣು ತುಂಬಿತು. ಐದು ವಾರಗಳಲ್ಲಿ ಮೊದಲ ಬಾರಿ ಅವಳು ಕೂತು ಚಹಾ ಕುಡಿದಳು. ಲೋಟ ಖಾಲಿಯಾದರೂ ಕೆಳಗಿಡಲಿಲ್ಲ.

ಒಲಾಲ್ ದೂರದಲ್ಲಿ ನಿಂತು ನೋಡುತ್ತಿದ್ದ. ಡೋರ್ಕಸ್ ಹಾಲು ತರಲು ಹೊರಗೆ ಹೋದಾಗ ಮೆಲ್ಲಗೆ ಅಂದ, “ಹೋದ ವರ್ಷದಿಂದಲೇ ನಿಮಗೆ ನೋವಿತ್ತು, ಅಲ್ವಾ?”

“ನಿಮಗೆ ಹೇಗೆ ಗೊತ್ತು?”

“ರೇಡಿಯೊದಲ್ಲಿ ಮೂರನೇ ಹಾಡು ಆದ ಮೇಲೆ ನೀವು ಎದ್ದು ನಿಂತು ಮಾತಾಡ್ತಿದ್ರಿ. ದನಿ ದೂರ ಹೋಗ್ತಿತ್ತು. ಆಮೇಲೆ ಉಸಿರು ಗಿಡ್ಡ ಆಗ್ತಿತ್ತು. ಯಾರೂ ಇವಳಿಗೆ ಒಂದು ನೆಟ್ಟಗಿನ ಕುರ್ಚಿ ಕೊಡಲ್ವಾ ಅಂತ ಪ್ರತಿ ಭಾನುವಾರ ಅಂದ್ಕೋತಿದ್ದೆ.”

ಒಂಬತ್ತು ವರ್ಷ... ಪ್ರತಿ ಭಾನುವಾರ...?

ಒಂದು ಕ್ಷಣ ಜಗತ್ತೆಲ್ಲ ಹಗುರಾಯಿತು. ಮರುಕ್ಷಣವೇ ಬುತ್ತಿ ನೆನಪಾಯಿತು, ಬಾಬಾ ಎಂಬ ಕರೆ ನೆನಪಾಯಿತು. ಹಗುರಾದದ್ದೆಲ್ಲ ಸಿಟ್ಟಾಗಿ ಇಳಿಯಿತು.

“ಇಂಥ ಮಾತು ನನ್ನ ಹತ್ರ ಆಡ್ತೀರಲ್ಲ, ನಿಮ್ಮ ಮನೆಯವರಿಗೆ ಗೊತ್ತಾ?”

ಒಲಾಲ್ ಅರ್ಥವಾಗದೆ ನೋಡಿದ. “ಮನೆಯಲ್ಲಿ ಎಲ್ಲರೂ ಕೇಳ್ತಾರೆ. ಸಲೋಮೆ ಅಂತೂ...”

“ಸಾಕು!” ಅವಳು ಕುರ್ಚಿಯ ಕೈ ಊರಿ ಎದ್ದಳು. “ಕುರ್ಚಿ ಮುಗಿದ ಮೇಲೆ ಕಳಿಸಿಬಿಡಿ. ಇನ್ನು ನಾನು ಇಲ್ಲಿಗೆ ಬರಲ್ಲ.”

ಓಡಿಹೋಗುವಷ್ಟು ಸಿಟ್ಟು. ಆದರೆ ಓಡುವಂತಿಲ್ಲವಲ್ಲ! ಬಾತುಕೋಳಿಯಂತೆ ಪುಟ್ಟ ಹೆಜ್ಜೆ ಇಡುತ್ತ, ಕಣ್ಣೀರು ಒರೆಸುತ್ತ ರಸ್ತೆ ಸೇರುವಷ್ಟರಲ್ಲಿ ಎರಡು ನಿಮಿಷ ಹಿಡಿಯಿತು. ಅವನು ಒಂದು ಸಲವೂ ಕೂಗಲಿಲ್ಲ.

* * *

ಕುರ್ಚಿ ಬಂದದ್ದು ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆ. ಟುಕ್‌ಟುಕ್ ಆಟೊದಲ್ಲಿ ಅದನ್ನು ತಬ್ಬಿಕೊಂಡು ಬಂದಿಳಿದದ್ದು ಒಲಾಲ್ ಅಲ್ಲ. ತಲೆಗೆ ಹಳದಿ ವಸ್ತ್ರ ಸುತ್ತಿದ್ದ ದಪ್ಪ ಹೆಂಗಸು.

“ಯಾಕೆ ಹಾಗೆ ನೋಡ್ತೀಯ ಹುಡುಗಿ? ಗುರುತು ಸಿಗ್ಲಿಲ್ವಾ? ಸಲೋಮೆ! ಅಂಗಡಿಯ ದಿಂಬೆಲ್ಲ ನಾನೇ ಹೊಲಿಯೋದು. ನಿನ್ನ ಕುರ್ಚಿಗೂ ಒಂದು ತಂದೆ.”

ಅವಿನೊ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಕೂತ್ಕೊಳ್ಳಿ,” ಎಂದಳು ಹೇಗೋ.

“ನೀನು ನಿಂತಿರೋವಾಗ ನಾನು ಹೇಗೆ ಕೂರ್ಲಿ! ಮೊದ್ಲು ನೀನು ಕೂತು ತೋರ್ಸು. ಅವನು ಕೇಳ್ತಾನೆ, ನಾನು ವರದಿ ಒಪ್ಪಿಸ್ಬೇಕು.”

ಅವಿನೊ ಕೂತಳು. ನಡುವಿನ ಬಾಗಿಗೆ ಹೆಣಿಗೆ ಬಂದು ಸರಿಯಾಗಿ ಕೂಡಿಕೊಂಡಿತು. ಪಾದ ನೆಲ ಮುಟ್ಟಿತು.

“ನಿಮ್ಮ ಗಂಡ...” ಅವಳು ಪ್ರಯತ್ನಪಟ್ಟು ಹೇಳಿದಳು, “ನಿಮ್ಮ ಗಂಡನ ಕೈ ಚೆನ್ನಾಗಿದೆ ಅಕ್ಕ.”

“ನನ್ನ ಗಂಡನ ಕೈಗೆ ಬಲೆ ಬಿಟ್ರೆ ಏನೂ ಗೊತ್ತಿರ್ಲಿಲ್ಲ, ಪಾಪ. ಅವನು ಸರೋವರದ ಪಾಲಾಗಿ ಹದಿನೆಂಟು ವರ್ಷ ಆಯ್ತು.”

“ನಾನು ಹೇಳಿದ್ದು... ಒಲಾಲ್...”

ಸಲೋಮೆ ಕುಕ್ಕರಿಸಿ ಕೂತುಬಿಟ್ಟಳು.

“ಒಲಾಲ್ ನನ್ನ ಗಂಡ ಅಂದ್ಕೊಂಡಿದ್ಯಾ? ಇಷ್ಟು ವರ್ಷ? ಯಾರು ಹೇಳಿದ್ರು ನಿನಗೆ?”

“ಯಾರು ಹೇಳ್ಬೇಕು? ನಾನೇ ನೋಡ್ದೆ. ನಿಮ್ಮ ಗೋಡೆ ಮೇಲೆ ಅವನ ಕೋಟು...”

“ಅಯ್ಯೋ ನಿನ್ನ ಪಟ್ಟಣದ ಬುದ್ಧಿಗಿಷ್ಟು!” ಸಲೋಮೆ ತೊಡೆಗೆ ಬಡಿದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. “ಕೇಳು ಇಲ್ಲಿ. ಹಿರಿಯರು ಮೂರು ದಿನ ಕೂತ್ರು. ಅತ್ತಿಗೆ ಮನೆ ಹಿಡಿ ಅಂದ್ರು. ಇವನು ಆಗಲ್ಲ ಅಂದ. ಉಪದೇಶಕರ ಮಗಳಿಗೆ ಮಾತು ಕೊಟ್ಟಿದ್ದೀನಿ ಅಂದ. ಬೈದ್ರು, ಶಾಪ ಹಾಕ್ತೀವಿ ಅಂದ್ರು. ಮನೆ ಹಿಡಿಯೋರಿಲ್ದೆ ಇದ್ರೆ ನಾನು ಬಿತ್ತೋ ಹಾಗಿಲ್ಲ, ಮಾಡಿಗೆ ಹುಲ್ಲು ಹೊದಿಸೋ ಹಾಗಿಲ್ಲ. ಮೂರು ಮಕ್ಕಳು ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ? ಕೊನೆಗೆ ಒಬ್ಬ ಮುದುಕ ದಾರಿ ತೋರಿಸ್ದ. ಮನುಷ್ಯ ಬರದಿದ್ರೆ ಅವನ ಕೋಟು ಬರ್ಲಿ, ಗೋಡೆಗೆ ಹಾಕಿ, ಕಟ್ಟಳೆ ಮುಗೀತು ಅಂದ. ಇವನು ಅಲ್ಲೇ ಬಿಚ್ಚಿ ಕೊಟ್ಟ.”

“ಕೋಟು ಮಾತ್ರಾನಾ?” ಎಂದಳು ಅವಿನೊ.

“ಬರಲ್ಲ ಅಂದವನು ಕೋಟು ಕೊಡ್ತಾನೆ ಕಣೇ! ಬರೋನಾದ್ರೆ ಕೋಟಿಗೆ ಗೋಡೆ ಮೇಲೇನು ಕೆಲಸ? ಅದು ಹನ್ನೊಂದು ವರ್ಷ ಅಲ್ಲೇ ತೂಗಾಡ್ತು, ಇಲಿ ಒಂದು ತೋಳು ತಿಂದ್ಹಾಕ್ತು. ಅವನು ಮಾತ್ರ ಒಂದು ರಾತ್ರಿನೂ ನನ್ನ ಹೊಸಿಲು ದಾಟ್ಲಿಲ್ಲ. ಮಕ್ಕಳನ್ನ ಓದಿಸ್ದ. ಅಪ್ಪನ ತಮ್ಮನನ್ನ ಬಾಬಾ ಅನ್ನದೆ ಇನ್ನೇನಂತಾರೆ ನಮ್ಮಲ್ಲಿ?”

ಕಂಬನಿ ಧಾರೆಯಾಗಿ ಇಳಿಯುತ್ತಿತ್ತು. ಬಗ್ಗಿ ಮುಖ ಮುಚ್ಚಿಕೊಳ್ಳಲೂ ಅವಳ ಬೆನ್ನು ಬಿಡಲಿಲ್ಲ. ನೆಟ್ಟಗೆ ಕೂತೇ ಅತ್ತಳು. ಸಲೋಮೆ ಎದ್ದು ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, “ಅಳು, ಅಳು... ಹದಿನೆಂಟು ವರ್ಷದ್ದು ಒಂದೇ ಸಲಕ್ಕೆ ಮುಗಿಯುತ್ತಾ?” ಎಂದಳು.

* * *

ಸಂಜೆ ಅವಿನೊ ನಡೆದೇ ಹೊರಟಳು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ.

ಒಲಾಲ್ ಅಂಗಡಿಯ ಮುಂದೆ ಅಂತರಗಂಗೆಯ ದಂಟು ಒಣಹಾಕುತ್ತಿದ್ದ.

“ಕುರ್ಚಿ ಸರಿ ಇದೆಯಾ?” ತಲೆ ಎತ್ತದೆ ಕೇಳಿದ.

“ಸಲೋಮೆ ಎಲ್ಲ ಹೇಳಿದ್ರು. ಕೋಟಿನ ವಿಷಯ... ನಾನು ತಪ್ಪು ತಿಳ್ಕೊಂಡೆ ಒಲಾಲ್. ನನಗೆ ಗೊತ್ತಿರ್ಲಿಲ್ಲ.”

ಅವನ ಕೈ ನಿಂತಿತು.

“ಕೋಟು ಕೊಟ್ಟು ಮೂರನೇ ದಿನ ನಿಮ್ಮ ಮನೆಗೆ ಬಂದೆ,” ಅವನು ದಂಟುಗಳನ್ನೇ ನೋಡುತ್ತ ಹೇಳಿದ. “ಮಗಳು ನೈರೋಬಿಗೆ ಹೋದ್ಳು, ಹುಡುಕಬೇಡ ಅಂದ್ರು ನಿಮ್ಮಪ್ಪ. ಆದ್ರೂ ಹುಡುಕ್ದೆ. ಎರಡು ವರ್ಷ ಆದ ಮೇಲೆ ಒಂದು ಚರ್ಚಿನ ಮುಂದೆ ಕಂಡೆ. ಪಕ್ಕದಲ್ಲಿ ಒಬ್ಬರಿದ್ರು. ನಿನ್ನ ಚೀಲ ಅವರ ಕೈಲಿತ್ತು, ನೀನು ನಗ್ತಿದ್ದೆ. ನಾನು ಅದೇ ದಿನದ ಬಸ್ಸಿಗೆ ವಾಪಸ್ ಬಂದೆ.”

‘ನೀನು’ ಎಂದಿದ್ದ. ಅವನಿಗೆ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಾಯಿತು.

“ನಾನು ಏನು ತಪ್ಪು ಮಾಡ್ದೆ ಅಂತ ವರ್ಷಗಟ್ಲೆ ಯೋಚಿಸಿದ್ದೀನಿ ಅವಿನೊ. ಬಡವ ಅಂತ ಬಿಟ್ಟಳಾ? ಬಡಗಿ ಅಂತ ಬಿಟ್ಟಳಾ? ಒಂದು ಕೋಟು ಅಂತ ನನಗೆ ಹೊಳೆಯಲೇ ಇಲ್ಲ.” ಅವನ ದನಿ ಒಡೆಯಿತು. “ಬೈಬಹುದಿತ್ತು. ಹೊಡೀಬಹುದಿತ್ತು. ಬಾಗಿಲಲ್ಲಿ ನಿಂತು ‘ಇದೇನು ಒಲಾಲ್?’ ಅಂತ ಒಂದು ಮಾತು ಕೇಳಬಹುದಿತ್ತಲ್ವಾ!”

ಕೇಳಿದರೆ ‘ಹೌದು, ಸಲೋಮೆಯ ಮನೆ ಹಿಡಿದೆ’ ಅಂದುಬಿಟ್ಟಾನೆಂದು ಅವಳು ಹೆದರಿದ್ದಳು, ಅಷ್ಟೇ. ಆ ಹೆದರಿಕೆಗೆ ಇಬ್ಬರ ಯೌವನವೂ ಹೋಗಿತ್ತು.

“ಕತ್ತಲಾಗ್ತಿದೆ. ಮನೆಗೆ ಹೋಗು. ಭಾನುವಾರ ನಿನ್ನ ಕೆಲಸ ಇದೆ, ಬೆನ್ನು ನೋಡ್ಕೋ.” ಅವನು ಒಂದು ಟುಕ್‌ಟುಕ್ ನಿಲ್ಲಿಸಿ, ಚಾಲಕನಿಗೆ ಗುಂಡಿ ನೋಡಿ ನಿಧಾನ ಓಡಿಸಲು ಹೇಳಿ, ಒಳಗೆ ಹೋಗಿಬಿಟ್ಟ.

* * *

ಭಾನುವಾರ ಡೋರ್ಕಸ್ ಕುರ್ಚಿಯನ್ನು ರೇಡಿಯೊ ನಿಲಯದೊಳಗೆ ಹೊತ್ತು ತಂದಳು. ಕೆಂಪು ದೀಪ ಹತ್ತಿತು.

“ನಮಸ್ಕಾರ, ನಾನು ಅವಿನೊ. ಬಹಳ ದಿನ ಆಯ್ತು, ಅಲ್ವಾ?”

ಮೊದಲ ಗಂಟೆ ಗೊತ್ತೇ ಆಗದೆ ಸರಿಯಿತು. ಹಾಡು ನಡೆಯುವಾಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವಳು, ಮತ್ತೆ ಕೂರುವಳು. ಬೆನ್ನು ಗುಂಯ್ ಎನ್ನುತ್ತಿತ್ತೇ ಹೊರತು ಬೆಂಕಿ ಕಾಲಿಗಿಳಿಯಲಿಲ್ಲ. ಎಷ್ಟೋ ಸಲ ಅವನ ಹೆಸರು ನಾಲಿಗೆಯ ತುದಿಗೆ ಬಂತು. ‘ಹೇಳಿಬಿಡಲೇ? ಅವನು ಕೇಳುತ್ತಿರಬಹುದು...’

ಇಲ್ಲ. ಊರೆಲ್ಲ ಕೇಳುವಂತೆ ಕ್ಷಮೆ ಬೇಡಿದರೆ, ಕ್ಷಮಿಸುವ ಹೊರೆಯನ್ನೂ ಊರೆದುರೇ ಅವನ ಮೇಲೆ ಹೊರಿಸಿದಂತೆ. ಈ ಮಾತು ಅವನೊಬ್ಬನ ಮುಂದೆ ಆಡಬೇಕಾದದ್ದು. ಅವಳು ಮುಂದಿನ ಪತ್ರ ತೆಗೆದು ಓದಿದಳು.

ಕೆಂಪು ದೀಪ ಆರಿದಾಗ ಮುಖ್ಯಸ್ಥರೇ ಬಾಗಿಲಿಗೆ ಬಂದಿದ್ದರು. “ಫೋನು ನಿಲ್ತಾನೇ ಇಲ್ಲ ಅವಿನೊ! ಮುದುಕರೆಲ್ಲ ಅಳ್ತಿದ್ದಾರೆ. ಮುಂದಿನ ವಾರವೂ ನೀನೇ.”

ಅವಳು ಹೊರಗೆ ಬಂದಳು. ಗೇಟಿನಾಚೆ ಮರದ ಕೆಳಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಒಲಾಲ್ ನಿಂತಿದ್ದ. ಕೈ ಎಲ್ಲಿಡಬೇಕೆಂದು ತಿಳಿಯದವನಂತೆ.

ಡೋರ್ಕಸ್ ಅವನನ್ನು ನೋಡಿದಳು, ಅಕ್ಕನನ್ನು ನೋಡಿದಳು. “ನಾನು... ನಾನು ಕುರ್ಚಿ ನೋಡ್ಕೊಂಡು ಬರ್ತೀನಿ!” ಎಂದು ಒಳಗೆ ಓಡಿದಳು.

“ಮೂರು ದಿನ ಸಿಟ್ಟು ಮಾಡ್ಕೊಂಡೇ ಇದ್ದೆ,” ಒಲಾಲ್ ಹೇಳಿದ. “ಇನ್ನೂ ಸ್ವಲ್ಪ ಇದೆ.”

“ಇರ್ಲಿ. ನನ್ನ ಮೇಲೇ ಇರ್ಲಿ. ಬೇರೆ ಯಾರ ಮೇಲೂ ಬೇಡ.”

ಅವನ ತುಟಿಯ ಕೊನೆ ಸಡಿಲಾಯಿತು.

“ಒಲಾಲ್, ನಾನು ನಿನ್ನನ್ನ ಬಿಟ್ಟು ಹೋದದ್ದು ಕಾಲಿನಲ್ಲಿ ಮಾತ್ರ. ಮನಸ್ಸು ಬಸ್ಸು ಹತ್ತಲೇ ಇಲ್ಲ. ತಡವಾಯ್ತು, ಗೊತ್ತು. ಈಗ ನಾನು ನೆಟ್ಟಗೆ ಬಗ್ಗಲೂ ಆಗದ ಹೆಂಗಸು. ಆದ್ರೂ ಕೇಳ್ತೀನಿ... ನಿನಗೆ ನಾನು ಇನ್ನೂ ಬೇಕಾ?”

ಅವನು ಹತ್ತಿರ ಬಂದ. ಅಳೆಯುವಾಗ ಗಾಳಿಯಲ್ಲೇ ಆಡಿದ್ದ ಆ ಕೈ ಈಗ ಅವಳ ಬೆನ್ನಿನ ಮೇಲೆ, ಗಾಯದ ಮೇಲ್ಭಾಗದಲ್ಲಿ, ಹಕ್ಕಿ ಕೂತಷ್ಟು ಹಗುರವಾಗಿ ಕೂತಿತು.

“ಬೇಡ ಅನ್ನೋಕೆ ಬಹಳ ಪ್ರಯತ್ನಪಟ್ಟೆ,” ಅವನು ಪಿಸುಗುಟ್ಟಿದ. “ಆಗ್ಲಿಲ್ಲ.”

ಅವಳು ಅವನ ಎದೆಗೆ ಹಣೆ ಇಟ್ಟಳು. ಬಗ್ಗಬೇಕಾಗಲಿಲ್ಲ. ಅವನೇ ಒಂದಿಷ್ಟು ಬಾಗಿದ್ದ.

“ನಿಮ್ಮ ಮನೆಗೆ ಯಾರನ್ನ ಮಾತಾಡೋಕೆ ಕಳಿಸ್ಲಿ?” ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ. “ನಿಮ್ಮಪ್ಪ ತೀರಿಹೋದ್ರಲ್ಲ.”

“ಯಾರನ್ನೂ ಬೇಡ. ನೀನೇ ಬಾ. ಬುಧವಾರ, ಸಂಜೆ ನಾಲ್ಕಕ್ಕೆ. ಅಪ್ಪನ ಬದಲು ಸೋದರತ್ತೆ ಇರ್ತಾರೆ.”

“ದಾರೀಲಿ ಏನಾದ್ರೂ ಆಗಿ ತಡ ಆದ್ರೆ?”

ಅವಿನೊ ಅವನ ಅಂಗಿಯ ಗುಂಡಿ ಹಿಡಿದು ಮೇಲೆ ನೋಡಿದಳು. ಕಣ್ಣಲ್ಲಿ ನೀರೂ ನಗುವೂ.

“ತಡ ಆದ್ರೆ ನಿನ್ನ ಅಂಗಡಿ ಮುಂದೆ ಬಂದು ನಿಲ್ತೀನಿ. ಯಾಕೆ ಬರ್ಲಿಲ್ಲ ಅಂತ ಕೇಳ್ತೀನಿ.”

“ಜೋರಾಗಿ ಕೇಳ್ತೀಯಾ?”

“ಬೀದಿಗೆಲ್ಲ ಕೇಳ್ಸೋ ಹಾಗೆ.”

“ಹಾಗಾದ್ರೆ,” ಒಲಾಲ್ ಅವಳ ಕೂದಲ ಮೇಲೆ ಕೆನ್ನೆ ಇಟ್ಟ, “ಒಂದೈದು ನಿಮಿಷ ತಡವಾಗೇ ಬರ್ತೀನಿ.”